ದೂರದ ಯಂತ್ರದೊಡನೆ ಅಕ್ಷರ ಸಂವಾದ: ಟೆಲ್‌ನೆಟ್ ಮತ್ತು ಎಸ್‌.ಎಸ್‌.ಎಚ್‌. ಕುರಿತು ಒಂದು ಜಾನಪದೀಯ ವಿವೇಚನೆ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯಲ್ಲಿ ಉದ್ಯಮಬಾಗದ ಕಾರ್ಖಾನೆಗಳ ಸಾಲನ್ನು ದಾಟಿದರೆ ಪೀರನವಾಡಿ ಎದುರಾಗುತ್ತದೆ. ‘ಪೀರ’ ಎಂಬ ಪಾರಸಿ ಮೂಲದ ಪದ, ಕನ್ನಡದ ಷಷ್ಠೀ ವಿಭಕ್ತಿ, ‘ವಾಡಿ’ ಎಂಬ ಈ ಸೀಮೆಯ ಗ್ರಾಮವಾಚಿ ಎಂದು ಊರಿನ ಹೆಸರನ್ನು ಬಿಡಿಸಿ ಓದಬಹುದು. ಇಲ್ಲಿಂದ ಒಂದು ದಾರಿ ಜಾಂಬೋಟಿಯ ಕಡೆಗೆ ಕವಲೊಡೆಯುತ್ತದೆ. ಖಾನಾಪುರದ ದಾರಿಯಲ್ಲೇ ಮುಂದೆ ಹೋದರೆ ಮಚ್ಛೆಯಲ್ಲಿ 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಜ್ಞಾನ ಸಂಗಮ’ ಆವರಣವಿದೆ. ಹಿಂದೆ ಉದ್ಯಮಬಾಗದಲ್ಲಿ 1979ರಷ್ಟು ಹಳೆಯ ಗೋಗಟೆ ತಾಂತ್ರಿಕ ಮಹಾವಿದ್ಯಾಲಯವಿದೆ. ಮದುವೆಯ ಮನೆಯ ಹೊಸ್ತಿಲಲ್ಲಿ ಕನ್ನಡದ ಒಡಪು, ಮರಾಠಿಯ ಉಖಾಣೆ ಎರಡೂ ಕೇಳಿಬರುವ ಈ ಸೀಮೆಯಲ್ಲಿಯೇ ಗಣಕಜಾಲವನ್ನು ಕಟ್ಟುವ, ಕಾಯುವ ವಿದ್ಯೆಯೂ ಬೋಧನೆಯಾಗುತ್ತಿದೆ. ಈ ಎರಡು ಸಂಗತಿಗಳಿಗೂ ಪರಸ್ಪರ ಸಂಬಂಧವಿಲ್ಲವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ದೂರದಲ್ಲಿರುವ ಜಾಲಯಂತ್ರವೊಂದನ್ನು ಅಕ್ಷರಗಳ ಮೂಲಕ ಆಳುವ ಕ್ರಮವನ್ನು ಬಿಡಿಸಿ ನೋಡಿದಾಗ, ಅದರ ಒಡಲಲ್ಲಿರುವುದು ಹೊಸ್ತಿಲಿನ ಪ್ರಶ್ನೆಯೇ: ಬಂದವರು ಯಾರು, ಬಾಗಿಲು ತೆರೆಯುವ ಮಾತು ಯಾವುದು, ಆ ಮಾತನ್ನು ಇನ್ನಾರು ಕೇಳಿಸಿಕೊಂಡರು.

ಒಂದಾದರೂ ಸಮಾನ ಅಂಶವುಳ್ಳ ಯಾವ ಗುಂಪನ್ನಾದರೂ ‘ಜನಪದ’ವೆಂದು ಕರೆಯಬಹುದೆಂಬ ಅಲನ್ ಡಂಡೆಸ್ ಅವರ ವಿವರಣೆ ಕನ್ನಡ ವಿದ್ವಾಂಸರಿಗೆ ಪರಿಚಿತವಾದುದು. ಕಚೇರಿಗಳಲ್ಲಿ ನಕಲು ಯಂತ್ರದಿಂದ ಹಬ್ಬುತ್ತಿದ್ದ ಹಾಸ್ಯ ಪತ್ರಗಳನ್ನು ಅವರು ಕಾರ್ಲ್ ಪ್ಯಾಗ್ಟರ್ ಅವರೊಡನೆ 1975ರಲ್ಲಿಯೇ ಸಂಗ್ರಹಿಸಿ ಪ್ರಕಟಿಸಿದರು. ಕಮ್ಮಾರರ, ನೇಕಾರರ ವೃತ್ತಿಪದಗಳನ್ನು ನಮ್ಮ ವಿದ್ವಾಂಸರು ಶ್ರದ್ಧೆಯಿಂದ ಕೂಡಿಸಿದ್ದಾರೆ. ಜಾಲ ನಿರ್ವಾಹಕರ ವೃತ್ತಿಜಾನಪದಕ್ಕೆ ಆ ಭಾಗ್ಯ ಇನ್ನೂ ಒದಗಬೇಕಾಗಿದೆ.

ಮೊದಲು ಯಂತ್ರದ ಸ್ವರೂಪವನ್ನು ತಿಳಿಯುವುದು ಅವಶ್ಯ. ಒಂದು ಜಾಲದಿಂದ ಇನ್ನೊಂದು ಜಾಲಕ್ಕೆ ಮಾಹಿತಿಯ ಪೊಟ್ಟಣಗಳನ್ನು ದಾರಿ ನೋಡಿ ಸಾಗಿಸುವ ಸಾಧನವೇ ರೂಟರ್. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಮಿಣುಕುವ ಒಂದಿಷ್ಟು ದೀಪಗಳನ್ನು ಬಿಟ್ಟರೆ ಅದಕ್ಕೆ ಮುಖವೆಂಬುದೇ ಇಲ್ಲ. ಹೊಸ ರೂಟರ್‌ನೊಡನೆ ಮೊದಲ ಮಾತು ಅದರ ಸನ್ನಿಧಿಯಲ್ಲಿಯೇ ನಡೆಯಬೇಕು. ‘ಕನ್ಸೋಲ್ ಕೇಬಲ್’ ಎಂಬ, ಸಾಮಾನ್ಯವಾಗಿ ತಿಳಿನೀಲಿ ಬಣ್ಣದ ಚಪ್ಪಟೆ ತಂತಿಯನ್ನು ಗಣಕಕ್ಕೂ ರೂಟರ್‌ಗೂ ಜೋಡಿಸಿ, ಸೆಕೆಂಡಿಗೆ 9600 ಬಿಟ್‌ಗಳ ನಿಧಾನ ಗತಿಯಲ್ಲಿ ಅದಕ್ಕೊಂದು ಹೆಸರು, ಒಂದು ವಿಳಾಸ, ಒಂದು ಗುಪ್ತಪದ ಕೊಡಲಾಗುತ್ತದೆ. ನಾಮಕರಣವಾದ ಮೇಲೆ ಯಂತ್ರ ಎಲ್ಲಿದ್ದರೂ ಸರಿ. ಬೆಳಗಾವಿಯಲ್ಲಿ ಕುಳಿತವರು ಬೀದರಿನ ಕಪಾಟಿನೊಳಗಿನ ರೂಟರ್‌ಗೆ ಜಾಲದ ಮೂಲಕವೇ ಆಜ್ಞೆ ಕಳಿಸಬಹುದು. ಹಾಗೆ ಬರುವವರಿಗಾಗಿ ರೂಟರ್‌ನೊಳಗೆ ಕೆಲವು ‘ಕಾಲ್ಪನಿಕ ಸಾಲು’ಗಳಿರುತ್ತವೆ. ಸಿಸ್ಕೊ ಕಂಪನಿಯ ಯಂತ್ರಗಳಲ್ಲಿ ಇವನ್ನು ‘ವಿ.ಟಿ.ವೈ.’ ಎನ್ನುತ್ತಾರೆ; 0ಯಿಂದ 4ರವರೆಗೆ ಐದು ಸಾಲುಗಳನ್ನು ತೆರೆದಿಟ್ಟರೆ ಏಕಕಾಲಕ್ಕೆ ಐವರು ಒಳಬರಬಹುದು. ಆ ಸಂಕ್ಷೇಪದ ಕೊನೆಯ ಎರಡಕ್ಷರ ಹಳೆಯ ಟೆಲಿಟೈಪ್ ಯಂತ್ರದ ನೆನಪು. ಯಂತ್ರ ಅಳಿದರೂ ಹೆಸರು ಉಳಿಯುವುದು ಪದಜಾನಪದದಲ್ಲಿ ಸಾಮಾನ್ಯ.

ಈ ದೂರಸಂವಾದಕ್ಕೆ ಮೊದಲು ರೂಪುಗೊಂಡ ನಿಯಮಾವಳಿಯೇ ಟೆಲ್‌ನೆಟ್. ಅಮೆರಿಕದ ಆರ್ಪಾನೆಟ್ ಜಾಲದಲ್ಲಿ 1969ರಷ್ಟು ಹಿಂದೆಯೇ ಇದರ ಬೀಜವಿತ್ತು. ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ 1983ರ ಮೇ ತಿಂಗಳಲ್ಲಿ ಬರೆದ ‘ಆರ್.ಎಫ್.ಸಿ. 854’ ಎಂಬ ದಸ್ತಾವೇಜು ಅದಕ್ಕೆ ಸ್ಥಿರ ರೂಪ ಕೊಟ್ಟಿತು. ಇದಕ್ಕೆ ಮೀಸಲಾದ ದ್ವಾರಸಂಖ್ಯೆ 23. ಸಂಪರ್ಕ ಏರ್ಪಟ್ಟೊಡನೆ ಎರಡೂ ಕಡೆಯವರು ‘ನಾನು ಇದನ್ನು ಮಾಡುವೆ’, ‘ಮಾಡಲಾರೆ’, ‘ನೀನು ಮಾಡು’, ‘ಮಾಡಬೇಡ’ ಎಂಬ ನಾಲ್ಕೇ ಸಂಕೇತಗಳಿಂದ ಒಪ್ಪಂದಕ್ಕೆ ಬರುತ್ತಾರೆ. ಬೀಗರಾಗುವ ಮುನ್ನ ಎರಡು ಮನೆಯ ಹಿರಿಯರು ಕುಳಿತು ನಡೆಸುವ ಮಾತುಕತೆಯಂತೆ. ಆ ಬಳಿಕ ಒತ್ತಿದ ಒಂದೊಂದು ಅಕ್ಷರವೂ ದೂರದ ಯಂತ್ರವನ್ನು ಮುಟ್ಟಿ, ಸಾಮಾನ್ಯವಾಗಿ ಅಲ್ಲಿಂದ ಮರಳಿ ಬಂದು ಪರದೆಯ ಮೇಲೆ ಮೂಡುತ್ತದೆ. ಬರೆದವರು ಕಾಣುವುದು ತಾವು ಒತ್ತಿದ ಅಕ್ಷರವನ್ನಲ್ಲ, ಆ ಯಂತ್ರ ಹಿಂದಿರುಗಿಸಿದ ಅಕ್ಷರವನ್ನು. ಕಥೆ ಹೇಳುವ ಅಜ್ಜಿಗೆ ಕೇಳುಗರ ‘ಹೂಂ’ ಹೇಗೆ ಬೇಕೋ ಇಲ್ಲಿಯೂ ಹಾಗೆಯೇ. ಹೂಂಗುಟ್ಟುವಿಕೆ ನಿಂತರೆ ಮಗು ಮಲಗಿತೆಂದು ಅಜ್ಜಿ ತಿಳಿಯುತ್ತಾಳೆ. ಪ್ರತಿಧ್ವನಿ ನಿಂತರೆ ತಂತಿ ಕಡಿಯಿತೋ ಯಂತ್ರ ಸ್ತಬ್ಧವಾಯಿತೋ ಎಂದು ನಿರ್ವಾಹಕರು ಗಾಬರಿಯಾಗುತ್ತಾರೆ.

ಭಾರತದ ಸಾರ್ವಜನಿಕರಿಗೆ ಅಂತರಜಾಲವು ಮೊದಲು ದೊರೆತದ್ದೂ ಬಹುಮಟ್ಟಿಗೆ ಇದೇ ಅಕ್ಷರರೂಪದಲ್ಲಿ. ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಆರಂಭಿಸಿದ ಸೇವೆಯಲ್ಲಿ ‘ಶೆಲ್ ಖಾತೆ’ ಎಂಬ ಅಗ್ಗದ ಬಗೆಯೊಂದಿತ್ತು. ದೂರವಾಣಿಯ ಮೂಲಕ ನಿಗಮದ ಯುನಿಕ್ಸ್ ಗಣಕವನ್ನು ಹೊಕ್ಕು, ಚಿತ್ರವಿಲ್ಲದ ಕಪ್ಪು ಪರದೆಯಲ್ಲಿ ಆಜ್ಞೆ ಬರೆದು ಅಂಚೆ ಓದಬೇಕಾಗಿತ್ತು. ತಮ್ಮ ಗಣಕವು ಬೇರೊಂದು ಗಣಕದ ಕಿಟಕಿ ಮಾತ್ರ ಎಂಬ ಅರಿವು ಆ ಪೀಳಿಗೆಯ ಬಳಕೆದಾರರಿಗೆ ಸಹಜವಾಗಿಯೇ ಇತ್ತು. ಚಿತ್ರ ಬಂದ ಮೇಲೆ ಆ ಅರಿವು ಮಸುಕಾಯಿತು.

ಈ ವೃತ್ತಿಯವರ ಮಾತಿನಲ್ಲಿ ಗಮನಾರ್ಹವಾದುದು ‘ಹೊಡೆ’ ಎಂಬ ಕ್ರಿಯಾಪದ. ‘ಪಿಂಗ್ ಹೊಡಿ ನೋಡೂಣು’, ‘ಆ ರೂಟರಿಗೆ ಟೆಲ್‌ನೆಟ್ ಹೊಡಿ’, ‘ಕಮಾಂಡ್ ಹೊಡಿ’ ಎಂಬಂಥ ಪ್ರಯೋಗಗಳು ಉತ್ತರ ಕರ್ನಾಟಕದ ಆಡುನುಡಿಗೆ ಸಲೀಸಾಗಿ ಒಗ್ಗುತ್ತವೆ. ಇದಕ್ಕೂ ಮೊದಲು ‘ಫೋನ್ ಹೊಡಿ’ ಇತ್ತು, ಅದಕ್ಕೂ ಮೊದಲು ‘ತಂತಿ ಹೊಡಿ’ ಇತ್ತು. ತಂತಿ ಸೇವೆ 2013ರ ಜುಲೈನಲ್ಲಿ ನಿಂತುಹೋದರೂ ಕ್ರಿಯಾಪದ ಉಳಿಯಿತು. ಇಂಗ್ಲಿಷಿನ ‘ಕೀಲಿ ಬಡಿ’ ಎಂಬರ್ಥದ ಪ್ರಯೋಗದ ನೆರಳು ಇದೆಂದು ಕೆಲವರಿಗೆ ಅನಿಸಬಹುದು. ಆದರೆ ‘ಗಾಡಿ ಹೊಡೆ’, ‘ಗಳೆ ಹೊಡೆ’ ಎಂಬ ಬಳಕೆಗಳನ್ನು ನೆನೆದರೆ ಬೇರೊಂದು ಜಾಡು ಕಾಣುತ್ತದೆ. ಹಿಂದೆ ನಿಂತು, ಮುಂದಿರುವ ಎತ್ತುಗಳನ್ನು ಹಗ್ಗದಿಂದಲೂ ಸದ್ದಿನಿಂದಲೂ ನಡೆಸುವುದೇ ಅಲ್ಲಿಯ ‘ಹೊಡೆ’. ದೂರದಿಂದ ನಡೆಸುವ ಕ್ರಿಯೆಗೆ ಕನ್ನಡ ತನ್ನೊಳಗಿನ ಪದವನ್ನೇ ಆರಿಸಿಕೊಂಡಿದೆ ಎನ್ನುವುದು ಹೆಚ್ಚು ಸಮಂಜಸ.

ಕ್ರಿಯಾಪದ ಕನ್ನಡದ್ದಾದರೂ ಆಜ್ಞೆಗಳು ಕನ್ನಡದ್ದಲ್ಲ. ಟೆಲ್‌ನೆಟ್‌ನ ಮೂಲ ಕಲ್ಪನೆ ಏಳು ಬಿಟ್‌ಗಳ, ಅಂದರೆ 128 ಚಿಹ್ನೆಗಳ ಇಂಗ್ಲಿಷ್ ವರ್ಣಸಂಚಯದ ಮೇಲೆ ನಿಂತಿತ್ತು. ಕನ್ನಡ ಅಕ್ಷರಗಳಿಗೆ ಯುನಿಕೋಡ್‌ನಲ್ಲಿ 1991ರಲ್ಲಿಯೇ ಸ್ಥಾನ ಸಿಕ್ಕಿದರೂ ರೂಟರ್‌ಗಳ ಆಜ್ಞಾಭಾಷೆ ಬದಲಾಗಲಿಲ್ಲ. ಹೀಗಾಗಿ ಆಜ್ಞೆಗಳು ಇಲ್ಲಿ ಬಹುಮಟ್ಟಿಗೆ ಮಂತ್ರದಂತೆ, ಅರ್ಥಕ್ಕಿಂತ ಉಚ್ಚಾರದ ಬಲದ ಮೇಲೆ, ಬಾಯಿಂದ ಬಾಯಿಗೆ ಸಾಗುತ್ತವೆ. ಒಳಹೊಕ್ಕೊಡನೆ ‘>’ ಚಿಹ್ನೆ ಕಾಣುತ್ತದೆ. ಇದು ಹೊರಜಗಲಿ, ಇಲ್ಲಿ ನೋಡಬಹುದು, ಮುಟ್ಟುವಂತಿಲ್ಲ. ‘ಎನೇಬಲ್’ ಎಂದು ಬರೆದು ಎರಡನೆಯ ಗುಪ್ತಪದ ಕೊಟ್ಟರೆ ‘#’ ಚಿಹ್ನೆ ಬರುತ್ತದೆ, ಇದು ನಡುಮನೆ. ‘ಕಾನ್ಫಿಗರ್ ಟರ್ಮಿನಲ್’ ಎಂದರೆ ದೇವರ ಕೋಣೆಯನ್ನೇ ಹೊಕ್ಕಂತೆ, ಇನ್ನು ಬರೆದದ್ದೆಲ್ಲ ಆ ಕ್ಷಣವೇ ಜಾರಿಗೆ ಬರುತ್ತದೆ. ಯಂತ್ರವು ಸಂಕ್ಷೇಪಗಳನ್ನೂ ಒಪ್ಪುವುದರಿಂದ ‘ಕಾನ್ಫ್ ಟಿ’, ‘ಷೋ ರನ್’ ಎಂಬ ತುಂಡು ರೂಪಗಳೇ ವೃತ್ತಿಯ ನಿಜವಾದ ನುಡಿಗಟ್ಟುಗಳಾಗಿವೆ. ಪೂರ್ಣ ರೂಪವನ್ನು ಬರೆಯುವವರು ಹೊಸಬರೆಂದು ಹಳಬರು ಥಟ್ಟನೆ ಗುರುತಿಸುತ್ತಾರೆ.

ದೂರದಿಂದ ಆಳುವುದರಲ್ಲಿ ಒಂದು ವಿಶಿಷ್ಟ ಅಪಾಯವಿದೆ. ಯಾವ ದಾರಿಯಲ್ಲಿ ನಿರ್ವಾಹಕರು ಒಳಬಂದರೋ ಆ ದಾರಿಯ ವಿಳಾಸವನ್ನೇ ಬದಲಿಸಿದರೆ, ಅಥವಾ ಆ ಕೊಂಡಿಯನ್ನೇ ಮುಚ್ಚಿದರೆ, ಆಜ್ಞೆ ನೆರವೇರುತ್ತದೆ. ಆಜ್ಞೆ ಕೊಟ್ಟವರು ಹೊರಗುಳಿಯುತ್ತಾರೆ. ಕುಳಿತ ಕೊಂಬೆಯನ್ನೇ ಕಡಿದವನ ಕಥೆ ಕರ್ನಾಟಕದಲ್ಲಿ ಕಾಳಿದಾಸನ ಹೆಸರಿನೊಡನೆ ಬೆಸೆದುಕೊಂಡಿದೆ. ಅಂತಾರಾಷ್ಟ್ರೀಯ ವರ್ಗಸೂಚಿಯಲ್ಲಿ ಅದು 1240ನೆಯ ವರ್ಗ. ಜಾಲ ನಿರ್ವಾಹಕರ ಲೋಕದಲ್ಲಿ ಈ ಕಥೆ ಇಂದಿಗೂ ನಡೆಯುವ ಘಟನೆ. ದೂರದ ಊರಿಗೆ ಬಸ್ಸು ಹತ್ತಿ ಹೋಗಿ, ಕನ್ಸೋಲ್ ತಂತಿ ಚುಚ್ಚಿ, ಒಂದೇ ಸಾಲಿನ ತಪ್ಪು ತಿದ್ದಿ ಬರುವುದೇ ಅದರ ಪ್ರಾಯಶ್ಚಿತ್ತ. ಈ ಅಪಾಯಕ್ಕೆ ವೃತ್ತಿಯು ಕಂಡುಕೊಂಡ ಉಪಾಯ ಸೊಗಸಾದುದು. ಅಪಾಯಕರ ಬದಲಾವಣೆಗೆ ಮುನ್ನ ‘ರೀಲೋಡ್ ಇನ್ 10’ ಎಂದು ಆಜ್ಞಾಪಿಸಿದರೆ ಹತ್ತು ನಿಮಿಷಗಳ ಬಳಿಕ ರೂಟರ್ ತಾನಾಗಿ ಮರುಜನ್ಮ ಪಡೆಯುತ್ತದೆ. ಬದಲಾವಣೆಗಳು ತಾತ್ಕಾಲಿಕ ನೆನಪಿನಲ್ಲಿ ಮಾತ್ರ ಇರುವುದರಿಂದ, ಅವನ್ನು ಉಳಿಸದಿದ್ದರೆ ಹಳೆಯ ಸ್ಥಿತಿಯೇ ಮರಳುತ್ತದೆ. ಎಲ್ಲವೂ ಸರಿಹೋದರೆ ಗಡುವನ್ನು ರದ್ದುಮಾಡಿ ಕೆಲಸ ಮುಗಿಸಬಹುದು. ಹೂಳೆತ್ತಲು ಬಾವಿಗಿಳಿಯುವವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇಷ್ಟು ಹೊತ್ತಿನಲ್ಲಿ ಸದ್ದು ಬಾರದಿದ್ದರೆ ಮೇಲೆಳೆಯಿರಿ ಎಂದು ಹೇಳಿ ಇಳಿಯುವ ಕ್ರಮವೇ ಇದು. ಪಠ್ಯಪುಸ್ತಕಕ್ಕಿಂತ ಹಿರಿಯ ಸಹೋದ್ಯೋಗಿಯ ಬಾಯಿಂದಲೇ ಇಂಥ ತಿಳಿವಳಿಕೆ ಹೆಚ್ಚು ಸಾಗುತ್ತದೆ ಎಂಬ ಕಾರಣಕ್ಕೆ ಅದು ಜಾನಪದ.

ಇನ್ನು ಹೊಸ್ತಿಲಿನ ವಿಚಾರ. ಉತ್ತರ ಕರ್ನಾಟಕದಲ್ಲಿ ಮದುಮಗಳು ಗಂಡನ ಮನೆಯ ಹೊಸ್ತಿಲು ತುಳಿಯುವ ಮುನ್ನ ನಾದಿನಿಯರು ಬಾಗಿಲು ತಡೆಯುತ್ತಾರೆ. ಎಂದಿನ ಮಾತಿನಲ್ಲಿ ಉಚ್ಚರಿಸಬಾರದ ಗಂಡನ ಹೆಸರನ್ನು ಒಡಪಿನಲ್ಲಿ ಹೆಣೆದು ಹೇಳಿದ ಮೇಲೆಯೇ ದಾರಿ. ಮರಾಠಿ ಮನೆಗಳಲ್ಲಿ ಇದೇ ‘ನಾವ್ ಘೇಣೆ’. ಇಲ್ಲಿ ಹೆಸರು ಎಲ್ಲರಿಗೂ ಗೊತ್ತು, ಗುಟ್ಟೇನೂ ಇಲ್ಲ. ಅದನ್ನು ಎಲ್ಲರ ಕಿವಿಗೆ ಬೀಳುವಂತೆ ಹೇಳುವುದೇ ಆಚರಣೆಯ ಉದ್ದೇಶ, ಹೇಳುವವಳು ಕಣ್ಣೆದುರೇ ಇದ್ದಾಳೆ. ಟೆಲ್‌ನೆಟ್ ಬಾಗಿಲು ತೆರೆಯುವ ಮಾತನ್ನು ಹೀಗೆಯೇ ಎಲ್ಲರ ಕಿವಿಗೆ ಬೀಳುವಂತೆ ಆಡಿಸುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಮಾತು ಗುಟ್ಟಾಗಿರಬೇಕಿತ್ತು, ಆಡಿದವರು ಕಣ್ಣೆದುರು ಇಲ್ಲ. ಗುಪ್ತಪದ ಬರೆಯುವಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲವಾದ್ದರಿಂದ ಬರೆದವರು ಅದು ಅಡಗಿದೆಯೆಂದು ನಂಬುತ್ತಾರೆ. ಆದರೆ ಅಡಗಿರುವುದು ಪರದೆಯಲ್ಲಿ ಮಾತ್ರ. ತಂತಿಯ ಮೇಲೆ ಅದು ಹಾಗೆಹಾಗೆಯೇ, ಅಕ್ಷರ ಅಕ್ಷರವಾಗಿ ಸಾಗುತ್ತದೆ. ದಾರಿಯಲ್ಲಿ ಕಿವಿಗೊಟ್ಟವರು ಬರೆದುಕೊಳ್ಳಬಹುದು.

ಆಲಿಬಾಬಾನ ಕಥೆಯ ತಿರುಳೂ ಇದೇ. ಅರೇಬಿಯನ್ ರಾತ್ರಿಗಳ ಹಳೆಯ ಅರಬ್ಬಿ ಹಸ್ತಪ್ರತಿಗಳಲ್ಲಿ ಈ ಕಥೆ ಇಲ್ಲ. ಅಲೆಪ್ಪೊ ನಗರದ ಹನ್ನಾ ದಿಯಾಬ್ 1709ರಲ್ಲಿ ಪ್ಯಾರಿಸ್ಸಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದನ್ನು ಆಂತ್ವಾನ್ ಗಲಾಂ ತಮ್ಮ ಫ್ರೆಂಚ್ ಆವೃತ್ತಿಗೆ ಸೇರಿಸಿದರು. ವರ್ಗಸೂಚಿಯಲ್ಲಿ ಅದು 954. ಬಂಡೆಯ ಬಾಗಿಲು ಮುರಿಯಲಾಗದಷ್ಟು ಗಟ್ಟಿ. ಆದರೆ ಕಳ್ಳರ ನಾಯಕ ಬಯಲಲ್ಲಿ ನಿಂತು ಗಟ್ಟಿಯಾಗಿ ಮಾತಾಡಿದ, ಮರದ ಮೇಲಿದ್ದವನು ಕೇಳಿಸಿಕೊಂಡ. ಒಳಗೆ ಸಿಕ್ಕಿ ಮಾತು ಮರೆತ ಕಾಸಿಮನ ಗತಿಯನ್ನೂ ಗುಪ್ತಪದ ಮರೆತವರು ಬಲ್ಲರು.

ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ 1995ರಲ್ಲಿ ನಡೆದದ್ದು ಇಂಥದೇ ಕದ್ದುಕೇಳುವಿಕೆ. ಗುಪ್ತಪದಗಳು ಕಳುವಾದ ಆ ಪ್ರಸಂಗದ ಬಳಿಕ ಅಲ್ಲಿನ ತಾತು ಯ್ಲೋನೆನ್ ಎಂಬ ಸಂಶೋಧಕರು ಮಾತನ್ನೇ ಲಕೋಟೆಯಲ್ಲಿಟ್ಟು ಸಾಗಿಸುವ ಎಸ್‌.ಎಸ್‌.ಎಚ್‌. ನಿಯಮಾವಳಿಯನ್ನು ರೂಪಿಸಿ ಅದೇ ವರ್ಷದ ಜುಲೈನಲ್ಲಿ ಬಿಡುಗಡೆ ಮಾಡಿದರು. ಅದಕ್ಕೆ ದೊರೆತ ದ್ವಾರಸಂಖ್ಯೆ 22, ಟೆಲ್‌ನೆಟ್‌ನ ಪಕ್ಕದ ಮನೆ. ಓಪನ್‌ಬಿ.ಎಸ್‌.ಡಿ. ಬಳಗವು 1999ರಲ್ಲಿ ಹೊರತಂದ ಮುಕ್ತ ಆವೃತ್ತಿ ಇದನ್ನು ಎಲ್ಲೆಡೆ ಹಬ್ಬಿಸಿತು. ಇಲ್ಲಿ ಗುಪ್ತಪದವಿಲ್ಲದೆಯೂ ಒಳಹೋಗಬಹುದು. ಬರುವವರು ಜೋಡಿ ಕೀಲಿಗಳನ್ನು ಮಾಡಿಕೊಂಡು, ಬಹಿರಂಗ ಕೀಲಿಯನ್ನು ದೂರದ ಯಂತ್ರಕ್ಕೆ ಮೊದಲೇ ಕೊಟ್ಟಿರುತ್ತಾರೆ. ಪ್ರತಿ ಸಂಪರ್ಕಕ್ಕೂ ಹೊಸದಾಗಿ ಹುಟ್ಟುವ ಒಂದು ಗುರುತಿಗೆ ಖಾಸಗಿ ಕೀಲಿಯಿಂದ ಸಹಿ ಹಾಕಿದರೆ ಸಾಕು. ಆ ಕೀಲಿ ಒಡೆಯರ ಕೈಬಿಟ್ಟು ಹೋಗುವುದೇ ಇಲ್ಲ. ಉತ್ತರ ಕರ್ನಾಟಕದಲ್ಲಿ ಒಡಪು ಎಂದರೆ ಒಗಟು ಎಂಬ ಅರ್ಥವೂ ಇದೆ. ಟೆಲ್‌ನೆಟ್‌ನದು ಹೆಸರು ಹೇಳುವ ಒಡಪಾದರೆ ಇದು ಒಗಟಿನ ಒಡಪು. ಪ್ರತಿಸಲ ಒಗಟು ಬೇರೆಯಾದ್ದರಿಂದ ನಿನ್ನೆಯ ಉತ್ತರವನ್ನು ಕದ್ದು ಕೇಳಿದವರಿಗೆ ಇಂದು ಪ್ರಯೋಜನವಿಲ್ಲ.

ಹೊರಗಿನವರನ್ನು ಒಳಗಿನವರು ಗುರುತಿಸಿದಂತಾಯಿತು. ಬಾಗಿಲ ಎರಡೂ ಬದಿಯಲ್ಲಿ ಒಂದೇ ಸಂಶಯವಿರಬೇಕೆಂಬುದನ್ನು ಕನ್ನಡ ನಾಡಿನ ಇನ್ನೊಂದು ನಂಬಿಕೆ ನೆನಪಿಸುತ್ತದೆ. 1990ರ ದಶಕದಲ್ಲಿ ರಾಜ್ಯದ ಹಲವೆಡೆ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ರಾತ್ರಿ ದೆವ್ವವೊಂದು ಮನೆಯವರದೇ ದನಿಯಲ್ಲಿ ಕೂಗುತ್ತದೆ, ಓಗೊಟ್ಟು ತೆರೆದವರು ಸಾಯುತ್ತಾರೆ, ಬರಹ ಓದಿದರೆ ಹಿಂದಿರುಗುತ್ತದೆ ಎಂಬ ವದಂತಿ ಅದರ ಹಿಂದಿತ್ತು. ತಾಯಿಯ ದನಿ ನಟಿಸಿ ಆಡಿನ ಮರಿಗಳನ್ನು ತಿಂದ ತೋಳನ ಕಥೆಯೂ (ವರ್ಗ 123) ಇದೇ ಬಳಗದ್ದು. ಜಾಲದಲ್ಲಿಯೂ ನಡುದಾರಿಯಲ್ಲಿ ನಿಂತವರು ತಾವೇ ಆ ದೂರದ ಯಂತ್ರವೆಂದು ನಟಿಸಬಲ್ಲರು. ಟೆಲ್‌ನೆಟ್‌ಗೆ ಇದನ್ನು ಕಂಡುಹಿಡಿಯುವ ದಾರಿಯಿರಲಿಲ್ಲ. ಎಸ್‌.ಎಸ್‌.ಎಚ್‌. ಪ್ರತಿ ಯಂತ್ರಕ್ಕೂ ಒಂದು ಬೆರಳಚ್ಚನ್ನು ಕೊಟ್ಟು, ಮೊದಲ ಭೇಟಿಯಲ್ಲಿ ಅದನ್ನು ತೋರಿಸಿ ‘ನಂಬಲೇ?’ ಎಂದು ಕೇಳುತ್ತದೆ. ಮುಂದೆಂದಾದರೂ ಅದು ಬದಲಾದರೆ ಯಾರೋ ಕೇಡು ಬಗೆಯುತ್ತಿರಬಹುದೆಂದು ಎಚ್ಚರಿಸಿ ತಡೆಯುತ್ತದೆ. ಉದ್ದನೆಯ ಸಂಕೇತ ಸಾಲನ್ನು ಹೋಲಿಸಿ ನೋಡುವ ತಾಳ್ಮೆ ಯಾರಿಗೂ ಇರದೆಂದು, 2008ರ ಆವೃತ್ತಿಯಲ್ಲಿ ಅದನ್ನು 17 ಅಂಕಣ, 9 ಸಾಲುಗಳ ಚಿಹ್ನೆಚಿತ್ರವಾಗಿ ತೋರಿಸುವ ಏರ್ಪಾಡನ್ನೂ ಸೇರಿಸಲಾಯಿತು. ಅಂಗಳದ ರಂಗೋಲಿ ನೋಡಿ ಮನೆ ಗುರುತಿಸುವಂತೆ ಕಣ್ಣು ಚಿತ್ರದ ಬದಲಾವಣೆಯನ್ನು ಬೇಗ ಹಿಡಿಯುತ್ತದೆ ಎಂಬುದು ಅದರ ತರ್ಕ. ಬಳಕೆದಾರರು ತಾವಾಗಿ ಕೇಳದ ಹೊರತು ಆ ಚಿತ್ರ ಕಾಣುವುದಿಲ್ಲ. ಮೊದಲ ಪ್ರಶ್ನೆಗೆ ಬೆರಳಚ್ಚನ್ನು ನೋಡದೆಯೇ ‘ಹೌದು’ ಎನ್ನುವುದು ರೂಢಿ.

ಕದ್ದುಕೇಳುವವರಿಗೂ ದನಿ ನಟಿಸುವವರಿಗೂ ಹೀಗೆ ತಂತ್ರಜ್ಞಾನ ಉತ್ತರ ಕೊಟ್ಟಿತು. ಮೂರನೆಯದೊಂದು ಕೇಡಿಗೆ ಅದರಲ್ಲಿ ಉತ್ತರವಿರಲಿಲ್ಲ: ಎಲ್ಲ ಮನೆಗೂ ಒಂದೇ ಗುಟ್ಟಿನ ಮಾತು. ಕಾರ್ಖಾನೆಯಿಂದ ಬರುವ ಮೋಡೆಮ್, ರೂಟರ್, ಕ್ಯಾಮೆರಾಗಳಲ್ಲಿ ಬಳಕೆದಾರರ ಹೆಸರು ‘ಅಡ್ಮಿನ್’, ಗುಪ್ತಪದವೂ ‘ಅಡ್ಮಿನ್’ ಎಂಬಂತೆ ಪೂರ್ವನಿಶ್ಚಿತ ಜೋಡಿಗಳಿರುತ್ತಿದ್ದವು. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಇಂಥ ಅರವತ್ತಕ್ಕೂ ಹೆಚ್ಚು ಜೋಡಿಗಳ ಪಟ್ಟಿ ಹಿಡಿದು ಜಗತ್ತಿನ ಟೆಲ್‌ನೆಟ್ ಬಾಗಿಲುಗಳನ್ನು ತಟ್ಟುತ್ತ ಹೋಯಿತು; ಒಳಗಾದ ಯಂತ್ರಗಳ ದಂಡಿನಿಂದ ಆ ಅಕ್ಟೋಬರ್ 21ರಂದು ಅಮೆರಿಕದ ‘ಡಿನ್’ ಎಂಬ ವಿಳಾಸಸೇವಾ ಸಂಸ್ಥೆಯನ್ನು ತತ್ತರಿಸುವಂತೆ ಮಾಡಿತು. ಮರುವರ್ಷ ಬಂದ ‘ಬ್ರಿಕರ್‌ಬಾಟ್’ ಯಂತ್ರಗಳನ್ನು ದಂಡಿಗೆ ಸೇರಿಸಿಕೊಳ್ಳದೆ, ಅವುಗಳ ನೆನಪನ್ನು ಅಳಿಸುವ ಆಜ್ಞೆಗಳನ್ನು ಕೊಟ್ಟು ಇಟ್ಟಿಗೆಯಂತೆ ನಿರುಪಯುಕ್ತವಾಗಿಸುತ್ತಿತ್ತು.

ಅದರ ಪೆಟ್ಟು ಕರ್ನಾಟಕಕ್ಕೂ ಬಿತ್ತು. 2017ರ ಜುಲೈ ಕೊನೆಯ ವಾರದಲ್ಲಿ ಭಾರತ ಸಂಚಾರ ನಿಗಮದ ಕರ್ನಾಟಕ ವೃತ್ತದಲ್ಲಿ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳು ಒಂದರ ಹಿಂದೊಂದು ಸಂಪರ್ಕ ಕಳೆದುಕೊಂಡವು. ಪೂರ್ವನಿಶ್ಚಿತ ಗುಪ್ತಪದವನ್ನು ಬದಲಿಸದೆ ಬಿಟ್ಟ ಮೋಡೆಮ್‌ಗಳೇ ಬಾಧೆಗೊಳಗಾದವು. ಸಂಖ್ಯೆ ಸುಮಾರು 60,000 ಎಂದು ಅಂದಿನ ವರದಿಗಳು ಹೇಳಿದವು. ಗುಪ್ತಪದ ಬದಲಿಸಿಕೊಳ್ಳುವಂತೆ ನಿಗಮವು ಗ್ರಾಹಕರಿಗೆ ಸೂಚಿಸಿತು. ಬ್ರಿಕರ್‌ಬಾಟ್‌ನ ಕರ್ತೃವೆಂದು ಹೇಳಿಕೊಂಡ ಅನಾಮಿಕನೊಬ್ಬ ಈ ಕೃತ್ಯ ತನ್ನದೆಂದ. ಅಸುರಕ್ಷಿತ ಯಂತ್ರಗಳು ದುಷ್ಟರ ಕೈಸೇರುವ ಮೊದಲೇ ಅವನ್ನು ಜಾಲದಿಂದ ತೆಗೆದುಹಾಕುವ ಚಿಕಿತ್ಸೆ ಇದೆಂಬುದು ಅವನ ಸಮರ್ಥನೆ. ರೋಗ ಹಬ್ಬದಿರಲಿ ಎಂದು ರೋಗಿಯನ್ನೇ ಕೊಲ್ಲುವ ವೈದ್ಯನ ಮಾತಿದು. ಸಂಪರ್ಕ ಕಳೆದುಕೊಂಡ ಮನೆಯವರಿಗೆ ತಮ್ಮ ಮೋಡೆಮ್‌ಗೆ ಹೊರಗಿನಿಂದ ತೆರೆಯುವ ಬಾಗಿಲೊಂದಿತ್ತು ಎಂಬುದೇ ಬಹುಪಾಲು ತಿಳಿದಿರಲಾರದು.

ಇಲ್ಲಿ ಕೊರತೆಯಾದದ್ದು ಯಂತ್ರವಿದ್ಯೆಯಲ್ಲ, ಹಸ್ತಾಂತರದ ಆಚಾರ. ಹೊಸ ಮನೆ ಹೊಕ್ಕವರು ಹಳೆಯ ಬೀಗ ಬದಲಿಸುತ್ತಾರೆ. ಇದನ್ನು ಯಾರೂ ಪುಸ್ತಕದಿಂದ ಕಲಿತದ್ದಲ್ಲ. ಕೊಂಡ ದನದ ಹಗ್ಗವನ್ನು ಸಂತೆಯಲ್ಲಿಯೇ ಬಿಟ್ಟು ಹೊಸ ಹಗ್ಗದಲ್ಲಿ ಮನೆಗೆ ತರುವ ರೂಢಿಯೂ ಹಲವೆಡೆ ಉಂಟು. ಮೋಡೆಮ್ ಕೊಡುವವರು, ಜೋಡಿಸುವವರು, ಪಡೆಯುವವರು ಈ ಮೂವರ ನಡುವೆ ಅಂಥ ಒಂದು ವಾಡಿಕೆಯ ಮಾತು ಹುಟ್ಟಲೇ ಇಲ್ಲ. ವಾಡಿಕೆ ಹುಟ್ಟದ ಕಡೆ ಕಾನೂನು ಬರಬೇಕಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 2020ರ ಜನವರಿ 1ರಿಂದ, ಬ್ರಿಟನ್ 2024ರ ಏಪ್ರಿಲ್ 29ರಿಂದ, ಜಾಲಕ್ಕೆ ಸೇರುವ ಗೃಹಸಾಧನಗಳಲ್ಲಿ ಎಲ್ಲಕ್ಕೂ ಒಂದೇ ಆದ ಗುಪ್ತಪದವಿರುವುದನ್ನು ಕಾನೂನಿನಿಂದ ತಡೆದವು. ಈಗ ಹಲವು ಕಂಪನಿಗಳು ಪ್ರತಿ ಯಂತ್ರಕ್ಕೂ ಬೇರೆ ಗುಪ್ತಪದವನ್ನು ಚೀಟಿಯಲ್ಲಿ ಮುದ್ರಿಸಿ ತಳಕ್ಕೆ ಅಂಟಿಸುತ್ತವೆ. ಮನೆಯವರು ಅದನ್ನು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಬರೆದಿಟ್ಟುಕೊಳ್ಳುವುದೂ ಉಂಟು. ಗೋಡೆಯ ಮೇಲಿನ ಆ ಬರಹ ಮನೆಯೊಳಗೆ ಬಂದವರ ಕಣ್ಣಿಗೆ ಬೀಳುತ್ತದೆ. ಜಾಲದ ಮೂಲಕ ಬಾಗಿಲು ತಟ್ಟುವವರಿಗೆ ಕಾಣುವುದಿಲ್ಲ.